ಇಸಿಎಂ-1 ಪ್ರೋಟೀನ್ ಕಮ್ಮಿಯಾದರೆ ಲಿವರ್ ಗಟ್ಟಿಯಾಗುತ್ತದೆಯೇ? ದಾವಣಗೆರೆಯಲ್ಲಿ ಈ ಟೆಸ್ಟ್ ಎಲ್ಲಿ ಮಾಡುತ್ತಾರೆ?

ನಿಮ್ಮ ತಂದೆಯವರಿಗೆ 58 ವರ್ಷ, ಶುಗರ್ ಇದೆ, ಫೈಬ್ರೋಸ್ಕ್ಯಾನ್ (ಲಿವರ್ ಎಷ್ಟು ಗಟ್ಟಿಯಾಗಿದೆ ಎಂದು ಅಳೆಯುವ ಸ್ಕ್ಯಾನ್) 13 ಕಿಲೋಪಾಸ್ಕಲ್, ರಕ್ತದಲ್ಲಿನ ಲಿವರ್ ಕಿಣ್ವಗಳಾದ ಎಎಸ್‌ಟಿ 64, ಎಎಲ್‌ಟಿ 49, ಪ್ಲೇಟ್‌ಲೆಟ್ 1.6 ಲಕ್ಷ ಎಂದು ಬರೆದಿದ್ದೀರಿ. ಇಸಿಎಂ-1 ಟೆಸ್ಟ್‌ಗಾಗಿ ಅಲೆಯಬೇಡಿ. ದಾವಣಗೆರೆ ಇರಲಿ, ದೊಡ್ಡ ಊರುಗಳಲ್ಲೂ ರೋಗಿಗಳಿಗೆ ಅದನ್ನು ಬರೆದುಕೊಡುವ ರೂಢಿಯಿಲ್ಲ. ಅದಿನ್ನೂ ಸಂಶೋಧನೆಯ ಹಂತದಲ್ಲಿದೆ.

ಆದರೆ ಇಸಿಎಂ-1 ಕಮ್ಮಿಯಾದರೆ ಲಿವರ್ ಗಟ್ಟಿಯಾಗುತ್ತದೆ ಎಂದು ನೀವು ಓದಿದ್ದು ಸರಿ. ಲಿವರ್ ಕೋಶಗಳೇ ಈ ಪ್ರೋಟೀನನ್ನು ಸ್ರವಿಸಿ ತಮ್ಮ ಸುತ್ತಲಿನ ಜಾಲಕ್ಕೆ ಬಿಡುತ್ತವೆ. ಅದೇ ಜಾಲದಲ್ಲಿ ಟಿಜಿಎಫ್-ಬೀಟಾ 1 ಎಂಬ, ಕಲೆಗಟ್ಟುವಿಕೆಗೆ ಚಾಲನೆ ಕೊಡುವ ಪ್ರೋಟೀನ್ ನಿಷ್ಕ್ರಿಯವಾಗಿ ಕೂತಿರುತ್ತದೆ. ಇಸಿಎಂ-1 ಅದಕ್ಕೆ ಹಾಕಿದ ಬೀಗ. ಲಿವರ್‌ಗೆ ವರ್ಷಗಟ್ಟಲೆ ಪೆಟ್ಟು ಬಿದ್ದು ಇಸಿಎಂ-1 ಇಳಿದರೆ ಟಿಜಿಎಫ್-ಬೀಟಾ ಚುರುಕಾಗಿ, ಲಿವರ್‌ನಲ್ಲೇ ಇರುವ ಸ್ಟೆಲ್ಲೇಟ್ ಕೋಶಗಳು ಕೊಲಾಜೆನ್ ಎಂಬ ನಾರಿನ ಪ್ರೋಟೀನ್ ಸುರಿಯತೊಡಗುತ್ತವೆ. ಹೀಗೆ ಲಿವರ್ ನಾರುಗಟ್ಟಿ ಗಟ್ಟಿಯಾಗುವುದೇ ಫೈಬ್ರೋಸಿಸ್. ಇಸಿಎಂ-1 ತಯಾರಿಸುವ ಜೀನ್ ಇಲ್ಲದ ಇಲಿಗಳು ತೀವ್ರ ಫೈಬ್ರೋಸಿಸ್‌ನಿಂದ ಸುಮಾರು 2 ತಿಂಗಳಲ್ಲೇ ಸತ್ತವು. ಇಸಿಎಂ-1 ಅನ್ನು ಮರಳಿ ಕೊಟ್ಟಾಗ ಇಲಿಗಳಲ್ಲಿ ಫೈಬ್ರೋಸಿಸ್ ತಗ್ಗಿತು. ಮನುಷ್ಯರಿಗೆ ಕೊಡುವ ಔಷಧಿಯಾಗಿ ಅದಿನ್ನೂ ಬಂದಿಲ್ಲ.

ನಿಮ್ಮ ಕೈಯಲ್ಲಿರುವ ರಿಪೋರ್ಟ್‌ನಿಂದಲೇ ಫಿಬ್-4, ಅಂದರೆ ಫೈಬ್ರೋಸಿಸ್ ಎಷ್ಟಿರಬಹುದು ಎಂದು ಅಂದಾಜಿಸುವ ಅಂಕಿಯನ್ನು, ಲೆಕ್ಕ ಹಾಕಬಹುದು. ವಯಸ್ಸನ್ನು ಎಎಸ್‌ಟಿಯಿಂದ ಗುಣಿಸಿದರೆ 3712. ಎಎಲ್‌ಟಿಯ ವರ್ಗಮೂಲ 7, ಅದನ್ನು ಪ್ಲೇಟ್‌ಲೆಟ್ 160ರಿಂದ ಗುಣಿಸಿದರೆ 1120. ಭಾಗಿಸಿದರೆ 3.31. ಬಹಳ ಜನ ಎಡವುವುದು ಪ್ಲೇಟ್‌ಲೆಟ್‌ನಲ್ಲಿ: 1.6 ಲಕ್ಷವನ್ನು 160 ಎಂದೇ ಹಾಕಬೇಕು. 1.3ಕ್ಕಿಂತ ಕಡಿಮೆಯಿದ್ದರೆ ನಿರಾಳ, 2.67 ದಾಟಿದರೆ ಫೈಬ್ರೋಸಿಸ್ ಮುಂದುವರಿದಿರುವ ಶಂಕೆ ಬಲವಾಗುತ್ತದೆ.

ಫೈಬ್ರೋಸ್ಕ್ಯಾನ್‌ನಲ್ಲಿ 10ರಿಂದ 15ರ ನಡುವೆ ಬಂದದ್ದು ಲಿವರ್ ರೋಗ ಮುಂದುವರಿದಿರುವ ಸಂದೇಹದ ವಲಯ. ಸ್ಕ್ಯಾನ್‌ಗೆ ಮೊದಲು ಕನಿಷ್ಠ 3 ಗಂಟೆ ಏನೂ ತಿಂದಿರಬಾರದು. ಬೆಣ್ಣೆದೋಸೆ ತಿಂದು ನೇರ ಹೋಗಿ ಮಲಗಿದ್ದರೆ ಅಂಕಿ ಏರಿರುತ್ತದೆ, ಏಕೆಂದರೆ ಊಟದ ನಂತರ ಲಿವರ್‌ಗೆ ರಕ್ತದ ಹರಿವು ಹೆಚ್ಚುತ್ತದೆ. ಖಾಲಿಹೊಟ್ಟೆಯಲ್ಲಿ ಮತ್ತೊಮ್ಮೆ ಮಾಡಿಸಿ. ಹಾಗೆಂದು ಅಂಕಿ ತಪ್ಪಿರಬಹುದು ಅಂತ ಸುಮ್ಮನಾಗಬೇಡಿ. ಫಿಬ್-4 ಕೂಡ ಅದೇ ದಿಕ್ಕು ತೋರಿಸುತ್ತಿದೆ. ಗ್ಯಾಸ್ಟ್ರೋ ತಜ್ಞರಿಗೆ ತೋರಿಸಿ, ಹೆಪಟೈಟಿಸ್ ಬಿ, ಸಿ ಪರೀಕ್ಷೆ ಆಗಿಲ್ಲದಿದ್ದರೆ ಮಾಡಿಸಿ. ಸಿರೋಸಿಸ್ (ಫೈಬ್ರೋಸಿಸ್‌ನ ಕೊನೆಯ ಹಂತ) ಖಚಿತವಾದರೆ 6 ತಿಂಗಳಿಗೊಮ್ಮೆ ಹೊಟ್ಟೆಯ ಸ್ಕ್ಯಾನಿಂಗ್ ತಪ್ಪಿಸುವಂತಿಲ್ಲ.

ಕುಡಿತ ಇದ್ದರೆ ಪೂರ್ತಿ ನಿಲ್ಲಬೇಕು. ಕೊಬ್ಬಿನ ಲಿವರ್ ಆಗಿದ್ದು ತೂಕ ಹೆಚ್ಚಿದ್ದರೆ, 80 ಕೆಜಿಯವರು 8 ಕೆಜಿಯಷ್ಟು ನಿಧಾನವಾಗಿ ಇಳಿಸಿದರೆ ಫೈಬ್ರೋಸಿಸ್ ಕೂಡ ತಗ್ಗುವ ಸಾಧ್ಯತೆಯಿದೆ. ಲಿವರ್‌ಗೆಂದು ನಾಟಿ ಔಷಧಿ ಮಾತ್ರ ದಯವಿಟ್ಟು ಕೊಡಿಸಬೇಡಿ, ಅದರಲ್ಲಿ ಏನಿದೆಯೋ ಯಾರೂ ಬರೆದಿರುವುದಿಲ್ಲ.

ರಕ್ತವಾಂತಿ, ಡಾಂಬರಿನಂಥ ಮಲ, ಹೊಟ್ಟೆ ಉಬ್ಬುವುದು, ಮಾತಿನಲ್ಲಿ ಗೊಂದಲ ಕಂಡರೆ ಅಪಾಯಿಂಟ್‌ಮೆಂಟ್‌ಗೆ ಕಾಯದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.