ಪಾದ್ರಿ ಒಂದು ಪತ್ರ ಕೇಳಿದರು, ನಾನು ಹನ್ನೊಂದು ವರ್ಷ ಚರ್ಚ್ ಬಿಟ್ಟೆ

ನಿಮ್ಮ ಪ್ರಶ್ನೆ ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಉಡುಪಿ ಕಡೆಯ ಹುಡುಗ. ಕೆಲಸಕ್ಕೆ ಬೆಂಗಳೂರಿಗೆ ಬಂದು ಎರಡು ವರ್ಷ. ಚರ್ಚಿನ ಪೂಜೆಗೆ ಹೋಗದೆ ಎಂಟು ತಿಂಗಳು. ಮದುವೆಯಾಗಬೇಕು ಅಂದುಕೊಂಡಿರುವ ಹುಡುಗಿ ಹಿಂದೂ. ‘ಇಷ್ಟೊಂದು ಕ್ಯಾಥೊಲಿಕರು ಚರ್ಚ್ ಬಿಡುವುದು ಯಾಕೆ, ಓದು ಜಾಸ್ತಿಯಾದರೆ ನಂಬಿಕೆ ಹೋಗುತ್ತದಾ’ ಅಂತ ಕೇಳಿದ್ದೀರಿ. ಉಡುಪಿಯ ಬದಲು ಮೂಡುಬಿದಿರೆ, ಹುಡುಗನ ಬದಲು ಹುಡುಗಿ ಅಂತ ಹಾಕಿಕೊಂಡರೆ ಇದು ಹೆಚ್ಚುಕಡಿಮೆ 2005ರ ನಾನು.

ನಿಮ್ಮ ನಂಬಿಕೆ ಹೋಗಿದೆ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಎಂಟು ತಿಂಗಳಲ್ಲಿ ನೀವು ಯಾವ ದೊಡ್ಡ ತತ್ವಶಾಸ್ತ್ರ ಓದಿದಿರಿ, ಹೇಳಿ? ಹೋಗಿರುವುದು ನಿಮ್ಮ ಭಾನುವಾರ.

ಊರಲ್ಲಿ ನಮ್ಮ ಮನೆಯಲ್ಲಿ ಸಂಜೆ ಏಳೂವರೆಗೆ ತೇರ್ಸ್. ಟಿವಿ ಬಂದ್, ಎಲ್ಲರೂ ಮೊಣಕಾಲೂರಿ ಜಪಸರ. ಮುಗಿದ ಮೇಲೆ ದೊಡ್ಡವರ ಹತ್ತಿರ ಹೋಗಿ ಕೈಮುಗಿದು ‘ಬೆಸಾಂವ್’ ಕೇಳಬೇಕು, ಅಂದರೆ ಆಶೀರ್ವಾದ. ಅಪ್ಪನ ಜೊತೆ ಜಗಳವಾಡಿದ ದಿನವೂ ಕೇಳಲೇಬೇಕು, ಅವರೂ ಕೊಡಲೇಬೇಕು. ಒಂದು ಭಾನುವಾರ ಪೂಜೆ ತಪ್ಪಿತೋ, ಸಂಜೆಯೊಳಗೆ ನಮ್ಮ ವಾರ್ಡಿನ ಗುರ್ಕಾರರ (ಚರ್ಚಿನ ಪರವಾಗಿ ವಾರ್ಡು ನೋಡಿಕೊಳ್ಳುವ ಮುಖಂಡರು) ಹೆಂಡತಿ ಬೇಲಿ ಹತ್ತಿರ ಬಂದು ‘ಹುಷಾರಿಲ್ವಾ?’ ಅಂತ ವಿಚಾರಿಸುತ್ತಿದ್ದರು. ಅದು ಕಾಳಜಿಯೋ ಕಾವಲೋ, ಎರಡೂ ಹೌದು. ನನಗಂತೂ ಆಗ ಬರೀ ಕಾವಲು ಅಂತಲೇ ಅನಿಸುತ್ತಿತ್ತು.

1999ರಲ್ಲಿ ಬೆಂಗಳೂರಿಗೆ ಬಂದೆ. ಪಿಜಿಯಲ್ಲಿ ತೇರ್ಸ್ ಇಲ್ಲ, ಬೆಸಾಂವ್ ಇಲ್ಲ, ಬೇಲಿಯೂ ಇಲ್ಲ. ಹತ್ತಿರದ ಚರ್ಚಿನಲ್ಲಿ ಇಂಗ್ಲಿಷ್ ಪೂಜೆ, ತಮಿಳು ಪೂಜೆ, ಕನ್ನಡ ಪೂಜೆ. ನನ್ನ ಬಾಯಿಗೆ ಪ್ರಾರ್ಥನೆ ಬರುವುದು ಕೊಂಕಣಿಯಲ್ಲಿ. ಇಂಗ್ಲಿಷ್ ಪೂಜೆಯಲ್ಲಿ ಎಲ್ಲರಿಗಿಂತ ಅರ್ಧ ಸಾಲು ಹಿಂದೆ ಗೊಣಗುತ್ತಾ ನಿಂತಿರುತ್ತಿದ್ದೆ. ಒಂದು ಭಾನುವಾರ ಬಟ್ಟೆ ಒಗೆಯುವುದಿತ್ತು. ಇನ್ನೊಂದು ಭಾನುವಾರ ಮಳೆ. ಯಾರೂ ಕೇಳಲಿಲ್ಲ. ನಾಲ್ಕು ವರ್ಷದಲ್ಲಿ ನಾನು ಕ್ರಿಸ್ಮಸ್, ಈಸ್ಟರ್ ಮತ್ತು ಊರಿಗೆ ಹೋದಾಗ ಮಾತ್ರ ಚರ್ಚಿಗೆ ಹೋಗುವವಳಾಗಿದ್ದೆ. ಇದರಲ್ಲಿ ಡಾರ್ವಿನ್ ಎಲ್ಲಿ ಬಂದ?

ಅಮೆರಿಕದ ಪ್ಯೂ ಸಂಶೋಧನಾ ಸಂಸ್ಥೆ 2009ರಲ್ಲಿ ಅಲ್ಲಿನ ಮಾಜಿ ಕ್ಯಾಥೊಲಿಕರನ್ನು ಕೇಳಿತ್ತು. ಚರ್ಚ್ ಬಿಟ್ಟು ಯಾವ ಧರ್ಮಕ್ಕೂ ಸೇರದೆ ಉಳಿದವರಲ್ಲಿ ಶೇಕಡಾ 71 ಜನ ‘ಮೆಲ್ಲಮೆಲ್ಲಗೆ ದೂರವಾಗಿಬಿಟ್ಟೆವು’ ಅಂದಿದ್ದರು. ಚರ್ಚಿನ ಬೋಧನೆಯಲ್ಲಿ ನಂಬಿಕೆ ಹೋಯಿತು ಅಂದವರೂ ಕಡಿಮೆಯೇನಿರಲಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ಆದರೆ ನನಗೆ ಅನುಮಾನ. ಮೊದಲು ದೂರವಾಗುತ್ತೇವೆ, ಕಾರಣ ಆಮೇಲೆ ಹುಡುಕಿಕೊಳ್ಳುತ್ತೇವೆ. ನಾನಂತೂ ಹಾಗೇ ಮಾಡಿದೆ.

ಜರ್ಮನಿಯ ಕಥೆ ಬೇರೆ. ನನ್ನ ಚಿಕ್ಕಮ್ಮನ ಮಗ ಫ್ರಾಂಕ್‌ಫರ್ಟ್‌ನಲ್ಲಿದ್ದಾನೆ. ಅಲ್ಲಿ ಕ್ಯಾಥೊಲಿಕ್ ಅಂತ ನೋಂದಣಿಯಾಗಿದ್ದರೆ ಆದಾಯ ತೆರಿಗೆಯ ಮೇಲೆ ಶೇಕಡಾ 9ರಷ್ಟು ಚರ್ಚ್ ತೆರಿಗೆ ಸಂಬಳದಲ್ಲೇ ಕಡಿತ. ಬೇಡ ಅಂದರೆ ಸರ್ಕಾರಿ ಕಚೇರಿಗೆ ಹೋಗಿ ಬರೆದುಕೊಟ್ಟು ಹೊರಬರಬೇಕು. 2022ರಲ್ಲಿ ಹೀಗೆ 5.2 ಲಕ್ಷಕ್ಕೂ ಹೆಚ್ಚು ಕ್ಯಾಥೊಲಿಕರು ಹೊರಬಂದರು. ನಮ್ಮಲ್ಲಿ ಅಂಥ ಕೌಂಟರ್ ಇಲ್ಲ. ಅದಕ್ಕೇ ನಮ್ಮಲ್ಲಿ ಬಿಟ್ಟವರ ಲೆಕ್ಕ ಯಾರಿಗೂ ಸಿಗುವುದಿಲ್ಲ. ನಾನು ಹನ್ನೊಂದು ವರ್ಷ ಬಿಟ್ಟಿದ್ದೆ, ಊರಿನ ಇಗರ್ಜಿಯ, ಅಂದರೆ ಚರ್ಚಿನ, ಪುಸ್ತಕದಲ್ಲಿ ಅಷ್ಟೂ ವರ್ಷ ನನ್ನ ಹೆಸರಿತ್ತು.

ಪಾದ್ರಿಗಳಿಂದ ಮಕ್ಕಳ ಮೇಲೆ ಆದ ದೌರ್ಜನ್ಯ, 2002ರಲ್ಲಿ ಬಾಸ್ಟನ್‌ನಲ್ಲಿ ಬಯಲಾಯಿತಲ್ಲ, ಅಂಥದ್ದಕ್ಕೆ ಬಿಟ್ಟವರಿಗೆ ಬುದ್ಧಿ ಹೇಳಲು ನಾನು ಯಾರೂ ಅಲ್ಲ. ಅವರು ಬಿಟ್ಟದ್ದಲ್ಲ, ಅವರನ್ನು ಓಡಿಸಿದ್ದು. ನಾನು ಮಾತಾಡುತ್ತಿರುವುದು ನನ್ನ ಹಾಗೆ ಸಣ್ಣ ಕಾರಣಕ್ಕೆ ಬಿಟ್ಟು ದೊಡ್ಡ ಕಾರಣ ಹೇಳಿಕೊಂಡು ತಿರುಗಿದವರ ಬಗ್ಗೆ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಇದನ್ನು ಸ್ವಲ್ಪ ಉದ್ದ ಹೇಳುತ್ತೇನೆ, ಯಾಕೆಂದರೆ ನೀವು ಅದೇ ಬಾಗಿಲ ಮುಂದೆ ನಿಂತಿದ್ದೀರಿ.

ನನ್ನ ಗಂಡ ಆಫೀಸಿನಲ್ಲಿ ಪರಿಚಯವಾದವರು, ಮಂಡ್ಯದವರು, ಹಿಂದೂ. ಮದುವೆ ಅಂತ ನಿಶ್ಚಯವಾದ ಮೇಲೆ ಒಂದು ಶನಿವಾರ ನಾನೊಬ್ಬಳೇ ಬೆಂಗಳೂರಿನ ಒಂದು ಚರ್ಚಿನ ಆಫೀಸಿಗೆ ಹೋದೆ. ಪಾದ್ರಿ ಏನೋ ಬರೆಯುತ್ತಿದ್ದರು. ತಲೆ ಎತ್ತಲಿಲ್ಲ. ವಿಷಯ ಹೇಳಿದೆ. ‘ಊರಿನ ಚರ್ಚಿನಿಂದ ಪತ್ರ ತನ್ನಿ, ಆಮೇಲೆ ನೋಡೋಣ’ ಅಂದರು. ಅಷ್ಟೇ. ಎರಡು ನಿಮಿಷವೂ ಆಗಿರಲಿಲ್ಲ.

ಮುಂದಿನ ಹನ್ನೊಂದು ವರ್ಷ ನಾನು ಎಲ್ಲರಿಗೂ ಹೇಳಿದ್ದು ಬೇರೆ. ‘ಹುಡುಗ ಮತಾಂತರ ಆಗದಿದ್ದರೆ ಆಗುವುದೇ ಇಲ್ಲ ಅಂತ ಮುಖಕ್ಕೆ ಹೊಡೆದಂತೆ ಹೇಳಿದರು, ಚರ್ಚ್ ನನ್ನನ್ನು ಹೊರಗೆ ಹಾಕಿತು.’ ಹೇಳಿ ಹೇಳಿ ನನಗೇ ಅದು ನಿಜವಾಗಿಬಿಟ್ಟಿತು. ಗಂಡನಿಗೂ ಹಾಗೇ ಹೇಳಿದ್ದೆ. ಅವರ ಮನೆಯವರ ಮುಂದೆ ಈ ಕಥೆಗೆ ಒಳ್ಳೆಯ ಬೆಲೆಯೂ ಇತ್ತು. ಪ್ರೀತಿಗಾಗಿ ಧರ್ಮ ಬಿಟ್ಟವಳು!

ಪಾದ್ರಿ ‘ಇಲ್ಲ’ ಅಂದಿರಲೇ ಇಲ್ಲ. ಪತ್ರ ಕೇಳಿದ್ದರು. ಪತ್ರ ಬೇಕೆಂದರೆ ಊರಿನ ವಿಗಾರರ, ಅಂದರೆ ಅಲ್ಲಿನ ಚರ್ಚಿನ ಮುಖ್ಯ ಪಾದ್ರಿಯ, ಹತ್ತಿರ ಹೋಗಬೇಕು. ವಿಗಾರರು ಗುರ್ಕಾರರನ್ನು ಕೇಳುತ್ತಾರೆ. ಮೂರು ಭಾನುವಾರ ಪೂಜೆಯ ಕೊನೆಗೆ ಮದುವೆಯ ಪ್ರಕಟಣೆ ಓದುತ್ತಾರೆ, ಹುಡುಗನ ಹೆಸರು, ಅವನ ಅಪ್ಪನ ಹೆಸರು, ಊರು ಎಲ್ಲ ಸೇರಿಸಿ. ಅಮ್ಮ ಮೂರನೇ ಬೆಂಚಿನಲ್ಲಿ ಕೂತು ಕೇಳಬೇಕು. ಅದನ್ನು ನೆನೆಸಿಕೊಂಡೇ ನನ್ನ ಕಾಲು ನಡುಗಿತು. ನಂಬಿಕೆಯ ಪ್ರಶ್ನೆ ಅಲ್ಲಿ ಎಳ್ಳಷ್ಟೂ ಇರಲಿಲ್ಲ. ನಾಚಿಕೆ ಇತ್ತು. ಆ ಪಾದ್ರಿಯ ವರ್ತನೆ ಸರಿ ಅಂತ ನಾನು ಹೇಳುತ್ತಿಲ್ಲ. ಒಮ್ಮೆ ತಲೆ ಎತ್ತಿ ‘ಕೂತ್ಕೊಳ್ಳಮ್ಮ’ ಅಂದಿದ್ದರೆ ಕಥೆಯೇ ಬೇರೆ ಆಗುತ್ತಿತ್ತೋ ಏನೋ. ಆದರೆ ತಲೆ ಎತ್ತದ ಗುಮಾಸ್ತನನ್ನು ನೋಡಿ ಯಾರಾದರೂ ರೇಷನ್ ಕಾರ್ಡ್ ಬಿಟ್ಟು ಬರುತ್ತಾರಾ?

ತಮಾಷೆ ಏನು ಗೊತ್ತಾ? ಊರಿಗೆ ಗೊತ್ತಾಗಬಾರದು ಅಂತ ವಿಶೇಷ ವಿವಾಹ ಕಾಯಿದೆಯಲ್ಲಿ ನೋಂದಣಿ ಮಾಡಿಸಿದೆವು. 1954ರ ಆ ಕಾಯಿದೆಯ ಪ್ರಕಾರ 30 ದಿನ ಮೊದಲೇ ನೋಟಿಸ್ ಹಾಕಬೇಕು. ಒಂದು ತಿಂಗಳು ಸರ್ಕಾರಿ ಗೋಡೆಯ ಮೇಲೆ ನನ್ನ ಹೆಸರು ನೇತಾಡಿತು. ಊರಿಗೆ ಗೊತ್ತಾಗಲು ನಾಲ್ಕು ದಿನವೂ ಬೇಕಾಗಲಿಲ್ಲ.

2006ರಲ್ಲಿ ಮದುವೆಯಾಯಿತು. ಅಮ್ಮ ಬಂದಳು, ಅಪ್ಪ ಬರಲಿಲ್ಲ. ಅಮ್ಮ ಕೇಳಿದ್ದು ಒಂದೇ ಮಾತು. ‘ಇನ್ನು ಕುಮ್ಗಾರ್ ತಗೊಳ್ಳಿಕ್ಕೆ ಆಗುದಿಲ್ಲ ಅಲ್ವಾ?’ ಕುಮ್ಗಾರ್ ಅಂದರೆ ಪರಮಪ್ರಸಾದ, ಪೂಜೆಯಲ್ಲಿ ಪಾದ್ರಿ ಕೊಡುವ ಪವಿತ್ರ ರೊಟ್ಟಿ. ‘ನನಗೆ ಅದೆಲ್ಲ ಬೇಡಮ್ಮ’ ಅಂದುಬಿಟ್ಟೆ.

ಪ್ರತಿ ವರ್ಷ ಸೆಪ್ಟೆಂಬರ್ 8 ಮೊಂತಿ ಹಬ್ಬ, ಯೇಸುವಿನ ತಾಯಿ ಮರಿಯಮ್ಮನವರ ಹುಟ್ಟುಹಬ್ಬ. ನಮ್ಮ ಕಡೆ ಅದು ತೆನೆ ಹಬ್ಬವೂ ಹೌದು. ಒಂಬತ್ತು ದಿನ ಮಕ್ಕಳು ಹೂ ತಂದು ಅರ್ಪಿಸುತ್ತಾರೆ. ಹಬ್ಬದ ದಿನ ಆಶೀರ್ವದಿಸಿದ ಭತ್ತದ ತೆನೆ ಮನೆಮನೆಗೆ ಕೊಡುತ್ತಾರೆ. ಕಾಳು ಸುಲಿದು ಪುಡಿ ಮಾಡಿ ಪಾಯಸಕ್ಕೋ ಹಾಲಿಗೋ ಹಾಕಿ ಎಲ್ಲರೂ ಒಟ್ಟಿಗೆ ಉಣ್ಣಬೇಕು. ಬಾಳೆ ಎಲೆಯಲ್ಲಿ ಊಟ, ಮೀನು ಮಾಂಸ ಇಲ್ಲ. ದೂರ ಇರುವವರ ಪಾಲನ್ನು ಕಳಿಸಿಕೊಡುತ್ತಾರೆ. ಅಮ್ಮ ನನ್ನ ಪಾಲಿನ ತೆನೆಯನ್ನು ಹಳೆಯ ಲಗ್ನಪತ್ರಿಕೆಯ ಕವರಿನಲ್ಲಿ ಹಾಕಿ ಅಂಚೆಯಲ್ಲಿ ಕಳಿಸುತ್ತಿದ್ದಳು. ನಾನು ಅದನ್ನು ಡ್ರಾಯರಿಗೆ ಹಾಕುತ್ತಿದ್ದೆ. ಅದೇ ದಿನ ಶಿವಾಜಿನಗರದ ಸೇಂಟ್ ಮೇರೀಸ್ ಬೆಸಿಲಿಕಾದಲ್ಲಿ ಹಬ್ಬ, ಕೇಸರಿ ಬಟ್ಟೆ ಉಟ್ಟ ಜನಸಾಗರ. ಬಸ್ಸಿನಲ್ಲಿ ಕೂತು ನೋಡುತ್ತಿದ್ದೆ. ಯಾರದೋ ಮನೆಯ ಹಬ್ಬದ ಹಾಗೆ ಕಾಣಿಸುತ್ತಿತ್ತು.

2017ರಲ್ಲಿ ಅಮ್ಮ ತೀರಿಕೊಂಡಳು. ಇಗರ್ಜಿಯಲ್ಲಿ ಪೆಟ್ಟಿಗೆ ಮುಂದೆ ಇತ್ತು. ಪರಮಪ್ರಸಾದದ ಹೊತ್ತಿಗೆ ಬೆಂಚು ಬೆಂಚೇ ಎದ್ದು ಸಾಲಾಗಿ ಹೋಯಿತು. ಅತ್ತೆ ಮೊಣಕೈಯಲ್ಲಿ ತಿವಿದು ‘ಹೋಗು’ ಅಂದರು. ನಾನು ಕೂತೇ ಇದ್ದೆ. ಇಡೀ ಬೆಂಚಿನಲ್ಲಿ ನಾನೊಬ್ಬಳೇ. ಅಮ್ಮನಿಗೆ ಅತ್ತದ್ದಕ್ಕಿಂತ ಆಗ ಜಾಸ್ತಿ ಅತ್ತೆ.

ಏಳನೇ ದಿನದ ಪೂಜೆ ಮುಗಿದ ಮೇಲೆ ಊರಿನ ವಿಗಾರರು ಕರೆದರು. ವಯಸ್ಸಾದವರು. ‘ನೀನು ಯಾಕೆ ಬರಲಿಲ್ಲ ಮಗಳೇ?’ ಅಂದರು. ನನ್ನನ್ನು ಬಹಿಷ್ಕರಿಸಿದ್ದಾರಲ್ಲ ಫಾದರ್, ಅಂದೆ. ‘ಯಾರು?’ ಅಂದರು.

ನನ್ನ ಹತ್ತಿರ ಉತ್ತರ ಇರಲಿಲ್ಲ.

ಅವರು ಹತ್ತು ನಿಮಿಷದಲ್ಲಿ ಹೇಳಿದ್ದನ್ನು ನೀವೂ ಕೇಳಿಸಿಕೊಳ್ಳಿ. ಜ್ಞಾನಸ್ನಾನ (ಬ್ಯಾಪ್ಟಿಸಂ) ಆಗದವರನ್ನು ಕ್ಯಾಥೊಲಿಕರು ಚರ್ಚಿನಲ್ಲೇ ಮದುವೆಯಾಗಬಹುದು. ಬಿಷಪರ ಅನುಮತಿ ಬೇಕು, ಅಷ್ಟೇ. ಹುಡುಗಿ ಮತಾಂತರ ಆಗಬೇಕಾಗಿಲ್ಲ. ನಂಬಿಕೆ ಉಳಿಸಿಕೊಳ್ಳುತ್ತೇನೆ, ಮಕ್ಕಳಿಗೆ ಜ್ಞಾನಸ್ನಾನ ಮಾಡಿಸಿ ಕ್ಯಾಥೊಲಿಕರಾಗಿ ಬೆಳೆಸಲು ನನ್ನಿಂದಾದಷ್ಟು ಪ್ರಯತ್ನಿಸುತ್ತೇನೆ ಅಂತ ಮಾತು ಕೊಡಬೇಕಾದವರು ನೀವು ಮಾತ್ರ. ಅವಳಿಗೆ ಆ ವಿಷಯ ತಿಳಿಸುತ್ತಾರೆ, ಅವಳಿಂದ ಏನನ್ನೂ ಬರೆಸಿಕೊಳ್ಳುವುದಿಲ್ಲ. ಹಿಂದೆ ಇಬ್ಬರೂ ಬರೆದುಕೊಡಬೇಕಿತ್ತು, 1970ರಲ್ಲಿ ಪೋಪ್ ಆರನೇ ಪೌಲ್ ಬದಲಾಯಿಸಿದರು. ನಮ್ಮೂರಿನ ಅಜ್ಜಿಯಂದಿರು ಇನ್ನೂ 1970ಕ್ಕೆ ಮುಂಚಿನ ಕಾನೂನನ್ನೇ ಹೇಳುತ್ತಾರೆ. ನಾನು ನಂಬಿದ್ದೂ ಅದನ್ನೇ.

ಅನುಮತಿ ಇಲ್ಲದೆ ಬರೀ ನೋಂದಣಿ ಮಾಡಿಸಿಕೊಂಡರೆ ಚರ್ಚಿನ ಲೆಕ್ಕದಲ್ಲಿ ಅದು ಮದುವೆ ಅಲ್ಲ, ಪರಮಪ್ರಸಾದ ತೆಗೆದುಕೊಳ್ಳುವಂತಿಲ್ಲ. ಆದರೆ ಅದು ಬಹಿಷ್ಕಾರ ಅಲ್ಲ. ಪೂಜೆಗೆ ಬರಬಹುದು. ಬರಬಹುದು ಏನು, ಬರಲೇಬೇಕು. ಆಮೇಲೂ ಸರಿಪಡಿಸಿಕೊಳ್ಳಲು ದಾರಿ ಉಂಟು. ಪಾದ್ರಿ ಮತ್ತು ಇಬ್ಬರು ಸಾಕ್ಷಿಗಳ ಮುಂದೆ ಮತ್ತೆ ಒಪ್ಪಿಗೆ ಹೇಳುವುದು ಒಂದು. ಗಂಡನೋ ಹೆಂಡತಿಯೋ ಚರ್ಚಿಗೆ ಬರಲು ಒಪ್ಪದಿದ್ದರೆ, ಮತ್ತೆ ಒಪ್ಪಿಗೆ ಹೇಳಿಸದೆ ಮದುವೆಯನ್ನು ಬುಡದಿಂದಲೇ ಊರ್ಜಿತಗೊಳಿಸುವ ಅಧಿಕಾರವೂ ಬಿಷಪರಿಗೆ ಇದೆ.

ಇಷ್ಟೆಲ್ಲ 2006ರಲ್ಲೂ ಇತ್ತು. ಅಮ್ಮ ಬದುಕಿದ್ದಾಗಲೂ ಇತ್ತು. ನಾನು ಒಂದು ಪ್ರಶ್ನೆ ಕೇಳಬೇಕಿತ್ತು, ಕೇಳಲಿಲ್ಲ.

ಗಂಡನಿಗೆ ನಿಜ ಹೇಳಿದೆ. ‘ಅಂದ್ರೆ ಅವರು ಬರೀ ಪತ್ರ ಕೇಳಿದ್ದಾ?’ ಅಂತ ಎರಡು ಸಲ ಕೇಳಿದರು. ನಗಲೂ ಇಲ್ಲ, ಬೈಯಲೂ ಇಲ್ಲ. ಜ್ಞಾನಸ್ನಾನದ ಸರ್ಟಿಫಿಕೇಟ್ ಹೊಸದಾಗಿ ತೆಗೆಸಿದೆವು, ಹಳೆಯದು ನಡೆಯುವುದಿಲ್ಲ. ಅನುಮತಿ ಮೂರು ವಾರದಲ್ಲಿ ಬಂತು. ಅದಕ್ಕೆ ಮೊದಲು ಕುಮ್ಸಾರ್, ಅಂದರೆ ಪಾಪನಿವೇದನೆ. ಎಷ್ಟು ದಿನವಾಯಿತು ಅಂತ ಕೇಳಿದಾಗ ಲೆಕ್ಕ ಹಾಕಲು ಬೆರಳು ಸಾಲಲಿಲ್ಲ. 2018ರ ಒಂದು ಗುರುವಾರ ಸಂಜೆ, ಅಣ್ಣ ಅತ್ತಿಗೆ ಸಾಕ್ಷಿ, ಇಪ್ಪತ್ತು ನಿಮಿಷ. ‘ಎರಡನೇ ಸಲ ಮದುವೆ, ಊಟನೂ ಇಲ್ವಾ?’ ಅಂದರು ಗಂಡ. ಮೂಡುಬಿದಿರೆಯ ಹೋಟೆಲಿನಲ್ಲಿ ನೀರುದೋಸೆ ತಿಂದೆವು.

ಬೆಂಗಳೂರಿಗೆ ಬಂದು ಡ್ರಾಯರ್ ತೆಗೆದೆ. ಹನ್ನೊಂದು ಕವರ್. ಹೆಚ್ಚಿನದಕ್ಕೆ ಹುಳ ಹಿಡಿದು ಪುಡಿಯಾಗಿತ್ತು. ಎರಡರಲ್ಲಿ ಕಾಳು ಚೆನ್ನಾಗಿತ್ತು. ಏನು ಮಾಡಿದೆ ಅಂತ ಇಲ್ಲಿ ಬರೆಯುವುದಿಲ್ಲ.

ನಾನು ಈಗ ಮಹಾ ಭಕ್ತೆ ಅಂದುಕೊಳ್ಳಬೇಡಿ. ತಿಂಗಳಿಗೆ ಮೂರು ಭಾನುವಾರ ಹೋಗುತ್ತೇನೆ. ಪ್ರವಚನ ಉದ್ದವಾದರೆ ತೂಕಡಿಸುತ್ತೇನೆ. ಮಗಳಿಗೆ ಜ್ಞಾನಸ್ನಾನ ಆಗಿಲ್ಲ. ನಾನು ಕೇಳಿದೆ, ಗಂಡ ‘ದೊಡ್ಡವಳಾಗಿ ಅವಳೇ ನೋಡಲಿ’ ಅಂದರು. ನನ್ನಿಂದಾದಷ್ಟು ಅಂತ ಮಾತು ಕೊಟ್ಟಿದ್ದೆ, ಅಷ್ಟು ಮಾಡಿದ್ದೇನೆ, ಇನ್ನೂ ಮಾಡುತ್ತೇನೆ. ದೇವರಿದ್ದಾನಾ ಅಂತ ನನಗೂ ಕೆಲವು ದಿನ ಅನುಮಾನ ಬರುತ್ತದೆ. ಆ ಅನುಮಾನ ಇಟ್ಟುಕೊಂಡೇ ಬೆಂಚಿನಲ್ಲಿ ಕೂರುತ್ತೇನೆ, ಯಾರೂ ಎಬ್ಬಿಸಿಲ್ಲ.

ಹಾಗಾಗಿ ನೀವು ಮಾಡಬೇಕಾದ್ದು ನಂಬಿಕೆ ಇದೆಯೋ ಇಲ್ಲವೋ ಅಂತ ಪಿಜಿಯಲ್ಲಿ ಮಲಗಿ ಯೋಚಿಸುವುದಲ್ಲ. ಈ ವಾರವೇ ಊರಿಗೆ ಹೋಗಿ, ಅಪ್ಪ ಅಮ್ಮನಿಗೆ ನೀವೇ ಹೇಳಿ, ಬೇರೆಯವರ ಬಾಯಿಂದ ಕೇಳುವುದು ಬೇಡ. ಆಮೇಲೆ ವಿಗಾರರ ಹತ್ತಿರ ಹೋಗಿ ಪತ್ರ ಕೇಳಿ. ತಲೆ ಎತ್ತದಿದ್ದರೆ ಅಲ್ಲೇ ನಿಂತಿರಿ. ಅವರು ನಿಜವಾಗಿಯೂ ಇಲ್ಲ ಅಂದರೆ ಬಿಷಪರ ಕಚೇರಿಗೆ ಹೋಗಿ. ಇಷ್ಟೆಲ್ಲ ಮಾಡಿದ ಮೇಲೂ ಬೇಡ ಅನಿಸಿದರೆ ಧೈರ್ಯವಾಗಿ ಬಿಡಿ. ಬಿಡುವುದು ತಪ್ಪು ಅಂತ ನಾನು ಹೇಳುತ್ತಿಲ್ಲ. ನನ್ನ ಹಾಗೆ ಸುಳ್ಳು ಕಾರಣ ಹೇಳಿಕೊಂಡು ಬಿಡಬೇಡಿ.

ಕೊನೆಯಲ್ಲಿ ಚರ್ಚಿನ ವಂತಿಗೆ ಬಾಕಿ ಇದ್ದರೆ ಕೇಳುತ್ತಾರಾ ಅಂತ ಕೇಳಿದ್ದೀರಿ. ಕೇಳುತ್ತಾರೆ. ನನ್ನ ಹತ್ತಿರ ಹನ್ನೊಂದು ವರ್ಷದ್ದು ಲೆಕ್ಕ ಹಾಕಿ ತೆಗೆದುಕೊಂಡರು. ಆಫೀಸಿನವರು ರಸೀದಿ ಹರಿದು ಕೊಡುತ್ತಾ, ‘ಜಾಗ್ರತೆ ಇಟ್ಟುಕೊಳ್ಳಿ, ಮುಂದೆ ಮಗಳ ಮದುವೆಗೆ ಪತ್ರ ಬೇಕಾದರೆ ಕೇಳ್ತಾರೆ’ ಅಂದರು. ಅವಳಿಗೆ ಆಗ ಹತ್ತು ವರ್ಷ. ರಸೀದಿ ಅದೇ ಡ್ರಾಯರಿನಲ್ಲಿದೆ.