ಡಿವಿಡಿ ಬೂಟ್ ಆಗುತ್ತೆ, ಇನ್‌ಸ್ಟಾಲ್ ಮಾತ್ರ ಅರ್ಧಕ್ಕೇ ನಿಲ್ಲುತ್ತೆ

ಪ್ರಶ್ನೆ: ಸರ್, ನಮಸ್ಕಾರ. ಬೆಂಗಳೂರಿನ ವಿಜಯನಗರದಲ್ಲಿ ನಮ್ಮದೊಂದು ಸ್ಟೇಷನರಿ ಅಂಗಡಿ ಇದೆ. ಬಿಲ್ಲು, ಲೆಕ್ಕ ಎಲ್ಲ ಒಂದು ಹಳೇ ಡೆಸ್ಕ್‌ಟಾಪ್‌ನಲ್ಲೇ. 4 ಜಿಬಿ ರ್‍ಯಾಮ್, 500 ಜಿಬಿ ಹಾರ್ಡ್ ಡಿಸ್ಕ್. ವಿಂಡೋಸ್ 10ಕ್ಕೆ ಸಪೋರ್ಟ್ ನಿಂತಿತಲ್ಲ, ಅದರ ಬದಲು ಲಿನಕ್ಸ್ ಮಿಂಟ್ ಅನ್ನುವ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕೋಣ ಅಂತ ಗೆಳೆಯನ ಹತ್ತಿರ ಡಿವಿಡಿ ಬರ್ನ್ ಮಾಡಿಸಿಕೊಂಡು ಬಂದೆ. ಬೂಟ್ ಆಗಿ ಡೆಸ್ಕ್‌ಟಾಪ್ ಬರುತ್ತೆ. ಆದರೆ ಇನ್‌ಸ್ಟಾಲ್ ಕೊಟ್ಟರೆ ಫೈಲ್ ಕಾಪಿ ಆಗುವಾಗ 'ಇನ್‌ಪುಟ್/ಔಟ್‌ಪುಟ್ ಎರರ್' ಅಂತ ಬಂದು ನಿಲ್ಲುತ್ತೆ. ಇನ್ನೊಮ್ಮೆ ಮಾಡಿದರೂ ಅದೇ ಕಥೆ. ರಿಪೇರಿಯವರು ಹಾರ್ಡ್ ಡಿಸ್ಕ್ ಹೋಗಿದೆ, ಮದರ್‌ಬೋರ್ಡೂ ಡೌಟು ಅಂತಾರೆ. ಬೂಟ್ ಆಗ್ತಿದೆ ಅಂದ್ಮೇಲೆ ಡಿವಿಡಿ ಸರಿ ಇದೆ ಅಲ್ವಾ? ಹಳೇ ಲೆಕ್ಕದ ಫೈಲ್‌ಗಳು ಡಿ ಡ್ರೈವ್‌ನಲ್ಲಿವೆ, ಅವಕ್ಕೇನೂ ಆಗಲ್ಲ ತಾನೇ?

ಉತ್ತರ: ನೀವು ಕೊನೆಗೆ ಕೇಳಿದ್ದನ್ನೇ ಮೊದಲು ನೋಡೋಣ, ಯಾಕಂದ್ರೆ ಅವಸರ ಇರುವುದು ಅದಕ್ಕೆ. ಇನ್‌ಸ್ಟಾಲ್ ಮಾಡುವಾಗ 'ಡಿಸ್ಕ್ ಪೂರ್ತಿ ಅಳಿಸಿ' ಅನ್ನುವ ಆಯ್ಕೆ ಕೊಟ್ಟಿದ್ದೀರಾ? ಕೊಟ್ಟಿದ್ದರೆ ಸಿ, ಡಿ ಅಂತ ಭೇದ ಇಲ್ಲ, ಎರಡೂ ಹೋದ ಹಾಗೆ. ಫೈಲ್ ಕಾಪಿ ಶುರುವಾಗುವ ಮೊದಲೇ ಆ ಕೆಲಸ ಮುಗಿದಿರುತ್ತೆ. ಆದರೆ ಹೋಗಿರುವುದು ಪಾರ್ಟಿಷನ್‌ಗಳ (ಸಿ, ಡಿ ಅಂತ ಮಾಡಿದ ಭಾಗಗಳ) ಪಟ್ಟಿ, ಒಳಗಿನ ಡೇಟಾದಲ್ಲಿ ಬಹಳಷ್ಟು ಇನ್ನೂ ಅಲ್ಲೇ ಇರಬಹುದು. ಪ್ರತಿ ಸಲ 'ಇನ್ನೊಂದ್ಸಲ ನೋಡೋಣ' ಅಂತ ಇನ್‌ಸ್ಟಾಲ್ ಒತ್ತಿದಾಗಲೂ ಅದರ ಮೇಲೆ ಹೊಸ ಫೈಲ್ ಬಂದು ಕೂರುತ್ತೆ. ಹಾಗಾಗಿ ದಯವಿಟ್ಟು ಇನ್‌ಸ್ಟಾಲ್ ಬಟನ್ ಮುಟ್ಟಬೇಡಿ. ಡಿವಿಡಿಯಿಂದ ಬೂಟ್ ಮಾಡಿ 'ಡಿಸ್ಕ್ಸ್' ಅನ್ನುವ ಪ್ರೋಗ್ರಾಂ ತೆರೆದು ನೋಡಿ, ಎನ್‌ಟಿಎಫ್‌ಎಸ್ (ವಿಂಡೋಸ್ ಬಳಸುವ ಮಾದರಿ) ಅಂತ ಬರೆದಿರುವ ಪಾರ್ಟಿಷನ್ ಕಂಡರೆ ಬಚಾವ್, ಮೊದಲು ಅದನ್ನು ಒಂದು ಎಕ್ಸ್‌ಟರ್ನಲ್ ಡ್ರೈವ್‌ಗೆ ಕಾಪಿ ಮಾಡಿಕೊಳ್ಳಿ. ಕಾಣದಿದ್ದರೆ ಟೆಸ್ಟ್‌ಡಿಸ್ಕ್ ಅಂತ ಒಂದು ಉಚಿತ ಸಾಧನ ಇದೆ, ಕಳೆದುಹೋದ ಪಾರ್ಟಿಷನ್ ಹುಡುಕಿಕೊಡುತ್ತೆ. ಅದರ ಜೊತೆಗೇ ಬರುವ ಫೋಟೋರೆಕ್ ಫೈಲ್‌ಗಳನ್ನು ಎತ್ತಿಕೊಡುತ್ತೆ, ಆದರೆ ಹಳೇ ಹೆಸರುಗಳು ಸಿಗಲ್ಲ.

ಈಗ ನಿಮ್ಮ ಅಸಲಿ ಗೊಂದಲ. ಬೂಟ್ ಆಯ್ತು ಅಂದರೆ ಡಿವಿಡಿ ಸರಿ ಇದೆ ಅಂತ ಅರ್ಥ ಅಲ್ಲ. ಅನ್ನ ಬೆಂದಿದೆಯಾ ಅಂತ ಒಂದು ಅಗುಳು ಹಿಚುಕಿ ನೋಡಿದರೆ ಸಾಕು, ಡಿವಿಡಿಗೆ ಆ ಲೆಕ್ಕ ನಡೆಯಲ್ಲ. ಲೈವ್ ಆಗಿ, ಅಂದರೆ ಇನ್‌ಸ್ಟಾಲ್ ಮಾಡದೆ ಡಿವಿಡಿಯಿಂದಲೇ ಓಡುವಾಗ ಕಂಪ್ಯೂಟರ್ ಡಿಸ್ಕಿನಿಂದ ತನಗೆ ಆ ಹೊತ್ತಿಗೆ ಬೇಕಾದ್ದನ್ನಷ್ಟೇ ಓದಿಕೊಳ್ಳುತ್ತೆ. ಇನ್‌ಸ್ಟಾಲ್ ಮಾಡುವಾಗ ಮಾತ್ರ ಇಡೀ ಸಿಸ್ಟಮ್ಮನ್ನು ಒಂದೂ ಬಿಡದೆ ಓದಲೇಬೇಕು. ಎಲ್ಲೋ ಒಂದು ಕಡೆ ಗೀರು ಬಿದ್ದಿದ್ದರೆ, ಅಥವಾ ನಿಮ್ಮ ಗೆಳೆಯ ಬೇಗ ಮುಗೀಲಿ ಅಂತ 16ಎಕ್ಸ್ ಸ್ಪೀಡಲ್ಲಿ ಬರ್ನ್ ಮಾಡಿದ್ದರೆ, ಅದು ಗೊತ್ತಾಗುವುದು ಆಗಲೇ.

ಆ ಎರರ್ ಬಾಕ್ಸಿನಲ್ಲಿ ಇನ್ನೊಂದಿಷ್ಟು ಸಣ್ಣ ಅಕ್ಷರ ಇರುತ್ತೆ, ಯಾರೂ ಓದಲ್ಲ. ಡಿಸ್ಕ್ ಒರೆಸಿ, ಕಡಿಮೆ ಸ್ಪೀಡಲ್ಲಿ ಬರ್ನ್ ಮಾಡಿ, ಡ್ರೈವ್ ಲೆನ್ಸ್ ಕ್ಲೀನ್ ಮಾಡಿ, ಹಾರ್ಡ್ ಡಿಸ್ಕ್ ಹಳೆಯದಾಗಿದೆಯಾ ನೋಡಿ, ಕಂಪ್ಯೂಟರನ್ನು ತಂಪಾದ ಜಾಗಕ್ಕೆ ಸಾಗಿಸಿ ಅಂತೆಲ್ಲ. ಏಪ್ರಿಲ್‌ನಲ್ಲಿ ಬೆಂಗಳೂರಿನ ಅಂಗಡಿಯೊಳಗೆ ತಂಪಾದ ಜಾಗ ಎಲ್ಲಿಂದ ತರೋದು, ಆ ಮಾತು ಬೇರೆ! ಆದರೆ ಗಮನಿಸಿ, ತಪ್ಪು ಡಿವಿಡಿಯದ್ದಾ ಹಾರ್ಡ್ ಡಿಸ್ಕಿನದ್ದಾ ಅಂತ ಆ ಬಾಕ್ಸಿಗೇ ಗೊತ್ತಿಲ್ಲ. ನಿಮ್ಮ ರಿಪೇರಿಯವರು ಎರರ್ ನೋಡಿಯೇ ಹಾರ್ಡ್ ಡಿಸ್ಕ್ ಅಂದಿದ್ದರೆ ಅದು ಬರೀ ಅಂದಾಜು.

ಅಂದಾಜು ಬೇಕಿಲ್ಲ, ಕಂಪ್ಯೂಟರನ್ನೇ ಕೇಳಬಹುದು. ಅದಕ್ಕೆ ಇನ್‌ಸ್ಟಾಲ್ ಮಾಡಬೇಕಾಗೂ ಇಲ್ಲ. ಡಿವಿಡಿ ಬೂಟ್ ಆಗುವಾಗ ಸ್ಕ್ರೀನ್ ಮೇಲೆ ಸೆಕೆಂಡ್ ಎಣಿಕೆ ಓಡುತ್ತೆ, ಆಗ ಯಾವುದಾದರೂ ಕೀ ಒತ್ತಿದರೆ ಮೆನು ಬರುತ್ತೆ. ಅದರಲ್ಲಿ ಡಿವಿಡಿ ಪೂರ್ತಿ ಸರಿ ಇದೆಯಾ ಅಂತ ನೋಡುವ ಇಂಟೆಗ್ರಿಟಿ ಚೆಕ್ ಇರುತ್ತೆ, ಕೊಟ್ಟು ಕಾಫಿ ಕುಡಿದು ಬನ್ನಿ. ಫೇಲ್ ಅಂದರೆ ಡಿವಿಡಿಯನ್ನೋ ಅದನ್ನು ಓದುವ ಡ್ರೈವನ್ನೋ ಹಿಡಿದುಕೊಳ್ಳಿ, ಹಾರ್ಡ್ ಡಿಸ್ಕನ್ನು ಸದ್ಯಕ್ಕೆ ಬಿಡಿ. ಇದೇ ಮೆನುವಿನಲ್ಲಿ ಸಾಮಾನ್ಯವಾಗಿ ಮೆಮೊರಿ ಟೆಸ್ಟ್ ಕೂಡ ಇರುತ್ತೆ. ಎರರ್ ಪ್ರತಿ ಸಲ ಬೇರೆ ಬೇರೆ ಜಾಗದಲ್ಲಿ ಬರುತ್ತಿದ್ದರೆ ಅದನ್ನೂ ಓಡಿಸಿ. ಒಂದೇ ಒಂದು ಕೆಂಪು ಸಾಲು ಬಂದರೂ ರ್‍ಯಾಮ್ ಮೇಲೆ ನಂಬಿಕೆ ಇಡುವ ಹಾಗಿಲ್ಲ. ಪವರ್ ಕೇಬಲ್ ಕಿತ್ತು, ರ್‍ಯಾಮ್ ಹೊರತೆಗೆದು, ಅದರ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ ಮತ್ತೆ ಕೂರಿಸಿ. ರಬ್ಬರಿಗೆ ನಿಮ್ಮ ಅಂಗಡಿಯಲ್ಲಿ ಬರ ಇರಲಿಕ್ಕಿಲ್ಲ.

ಮೇಲೆ ಹೇಳಿದ ಡೇಟಾ ಎಲ್ಲ ಎತ್ತಿಟ್ಟುಕೊಂಡ ಮೇಲೆ, ಇನ್‌ಸ್ಟಾಲ್ ಮತ್ತೆ ನಿಂತಿತು ಅಂದುಕೊಳ್ಳಿ. ಎರರ್ ಬಂದ ತಕ್ಷಣ ರೀಸ್ಟಾರ್ಟ್ ಮಾಡಬೇಡಿ. ಟರ್ಮಿನಲ್ (ಕಮಾಂಡ್ ಟೈಪ್ ಮಾಡುವ ಕಿಟಕಿ) ತೆರೆದು 'ಸುಡೊ ಡಿಮೆಸೇಜ್' ಕಮಾಂಡ್ ಕೊಟ್ಟು (ಸುಡೊ ಅನ್ನು ಎಸ್, ಯು, ಡಿ, ಓ ಅಂತ, ಡಿಮೆಸೇಜ್ ಅನ್ನು ಡಿ, ಎಂ, ಇ, ಎಸ್, ಜಿ ಅಂತ ಐದೇ ಅಕ್ಷರದಲ್ಲಿ ಬರೆಯಬೇಕು) ಕೊನೇ ಸಾಲುಗಳನ್ನು ನೋಡಿ. ಐಓ ಎರರ್ ಅಂತ ಇರುವ ಸಾಲಿನಲ್ಲಿ ಒಂದು ಹೆಸರೂ ಇರುತ್ತೆ. ಎಸ್, ಆರ್, ಸೊನ್ನೆ ಅಂತ ಇದ್ದರೆ ಡಿವಿಡಿ ಡ್ರೈವ್. ಎಸ್, ಡಿ, ಎ ಅಂತ ಇದ್ದರೆ ಹಾರ್ಡ್ ಡಿಸ್ಕ್. ಸ್ಕ್ವಾಶ್‌ಎಫ್‌ಎಸ್ (ಡಿವಿಡಿಯಲ್ಲಿ ಇಡೀ ಸಿಸ್ಟಮ್ಮನ್ನು ಒತ್ತಿ ತುಂಬಿರುವ ಫೈಲ್) ಎರರ್ ಅಂತ ಸಾಲು ಸಾಲಾಗಿ ಬರುತ್ತಿದ್ದರೆ ಅದೂ ಸಾಮಾನ್ಯವಾಗಿ ಡಿವಿಡಿ ಕಡೆಯ ತೊಂದರೆಯೇ. ಫೋನಿನಲ್ಲಿ ಒಂದು ಫೋಟೋ ಹೊಡೆದಿಟ್ಟುಕೊಳ್ಳಿ, ರಿಪೇರಿಯವರ ಹತ್ತಿರ ಮಾತಾಡುವಾಗ ಕೆಲಸಕ್ಕೆ ಬರುತ್ತೆ.

ಡಿವಿಡಿಯದ್ದೇ ತಪ್ಪು ಅಂತಾದರೆ ನನ್ನನ್ನು ಕೇಳಿದರೆ ಇನ್ನೊಂದು ಡಿವಿಡಿ ಬರ್ನ್ ಮಾಡುವ ಗೋಜಿಗೇ ಹೋಗಬೇಡಿ. ವರ್ಷಗಟ್ಟಲೆ ಧೂಳು ಕುಡಿದ ಆ ಡ್ರೈವಿನ ಲೆನ್ಸ್ ಹೊಸ ಡಿಸ್ಕನ್ನೂ ಸರಿಯಾಗಿ ಓದುತ್ತೆ ಅನ್ನುವ ಗ್ಯಾರಂಟಿ ಇಲ್ಲ. 8 ಜಿಬಿ ಪೆನ್‌ಡ್ರೈವ್ ಸಾಕು. ರೂಫಸ್ ಅನ್ನುವ ಪ್ರೋಗ್ರಾಂನಿಂದ ಅದಕ್ಕೆ ಐಎಸ್‌ಓ (ಡೌನ್‌ಲೋಡ್ ಮಾಡಿದ ಮಿಂಟ್ ಫೈಲ್) ಹಾಕಿ ಅದರಿಂದ ಬೂಟ್ ಮಾಡಿ. ಹಾಕುವ ಮುಂಚೆ ಡೌನ್‌ಲೋಡ್ ಆದ ಫೈಲಿನ ಎಸ್‌ಎಚ್‌ಎ 256 ಸಂಖ್ಯೆಯನ್ನು (ಫೈಲ್ ಸರಿಯಾಗಿ ಬಂದಿದೆಯಾ ಅಂತ ನೋಡುವ ಗುರುತು) ಮಿಂಟ್‌ನವರು ಕೊಟ್ಟಿರುವುದರ ಜೊತೆ ಹೋಲಿಸಿ, ಡೌನ್‌ಲೋಡೇ ಅರ್ಧಂಬರ್ಧ ಆಗಿದ್ದರೆ ಎಷ್ಟು ಒರೆಸಿದರೂ ಪ್ರಯೋಜನ ಇಲ್ಲ. ಪೆನ್‌ಡ್ರೈವಿಂದ ಬೂಟ್ ಆಗದಷ್ಟು ಹಳೇ ಮಷೀನ್ ಆದರೆ ಮಾತ್ರ ಡಿವಿಡಿ, ಅದೂ 4ಎಕ್ಸ್ ಅಥವಾ 8ಎಕ್ಸ್‌ನಲ್ಲಿ, ವೆರಿಫೈ (ಬರ್ನ್ ಆದದ್ದನ್ನು ಮತ್ತೆ ಓದಿ ನೋಡುವ ಆಯ್ಕೆ) ಟಿಕ್ ಹಾಕಿ. ಒರೆಸುವುದಾದರೆ ಮಧ್ಯದಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ, ಸುತ್ತ ಅಲ್ಲ.

ಡಿಮೆಸೇಜ್ ಸಾಲುಗಳು ಹಾರ್ಡ್ ಡಿಸ್ಕ್ ಕಡೆ ಬೆರಳು ತೋರಿಸಿದರೆ ಅದೇ 'ಡಿಸ್ಕ್ಸ್' ಪ್ರೋಗ್ರಾಮಿನಲ್ಲಿ ಸ್ಮಾರ್ಟ್ ಡೇಟಾ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಳ್ಳುವ ಲೆಕ್ಕ) ತೆಗೆಯಿರಿ. ರೀಅಲೊಕೇಟೆಡ್ ಸೆಕ್ಟರ್ (ಕೆಟ್ಟು ಬದಲಿ ಕೊಟ್ಟ ಜಾಗ), ಪೆಂಡಿಂಗ್ ಸೆಕ್ಟರ್ (ಓದಲು ತೊಂದರೆ ಕೊಡುತ್ತಿರುವ ಜಾಗ) ಎರಡೂ ಸೊನ್ನೆ ಇರಬೇಕು. ಪೆಂಡಿಂಗ್ ಏರುತ್ತಾ ಇದ್ದರೆ ಡಿಸ್ಕ್ ನಿಜವಾಗಲೂ ಮುಗಿಯುತ್ತಾ ಬಂದಿದೆ. ಆಗ ಟೆಸ್ಟ್‌ಡಿಸ್ಕ್ ಕೂಡ ನೇರವಾಗಿ ಅದರ ಮೇಲೆ ಓಡಿಸದೆ, ಡಿಡಿ ರೆಸ್ಕ್ಯೂ ಅನ್ನುವ ಪ್ರೋಗ್ರಾಂನಿಂದ ಇನ್ನೊಂದು ಡಿಸ್ಕಿಗೆ ನಕಲು ತೆಗೆದು ಆ ನಕಲಿನ ಮೇಲೆ ಪ್ರಯೋಗ ಮಾಡಿ. ಇವೆರಡೂ ಸೊನ್ನೆ ಇದ್ದು ಸಿಆರ್‌ಸಿ ಎರರ್ ಕೌಂಟ್ (ಡೇಟಾ ಸಾಗುವಾಗ ಆದ ತಪ್ಪುಗಳ ಲೆಕ್ಕ) ಮಾತ್ರ ಏರುತ್ತಿದ್ದರೆ ಅದು ಹೆಚ್ಚಾಗಿ ಸಾಟಾ ಕೇಬಲ್ (ಹಾರ್ಡ್ ಡಿಸ್ಕನ್ನು ಮದರ್‌ಬೋರ್ಡಿಗೆ ಸೇರಿಸುವ ವೈರು) ತಕರಾರು. ಎಸ್‌ಪಿ ರೋಡಲ್ಲಿ ಚಿಲ್ಲರೆ ದುಡ್ಡಿಗೆ ಸಿಗುವ ಸಾಮಾನು, ಅದಕ್ಕೋಸ್ಕರ ಮದರ್‌ಬೋರ್ಡ್ ಬದಲಿಸುವ ಮಾತಾಡಬೇಡಿ.

ಡಿಸ್ಕ್ ಬದಲಿಸಲೇಬೇಕು ಅಂತಾದರೆ ಹಾರ್ಡ್ ಡಿಸ್ಕ್ ಬೇಡ, 240 ಜಿಬಿಯ ಸಾಟಾ ಎಸ್‌ಎಸ್‌ಡಿ ತಗೊಳ್ಳಿ, ಬಿಲ್ಲಿಂಗಿಗೆ ಧಾರಾಳ. ಮತ್ತೆ, ಹಳೇ ಡಿಸ್ಕನ್ನು ಎಕ್ಸ್‌ಚೇಂಜ್ ಅಂತ ಅಂಗಡಿಯಲ್ಲೇ ಬಿಟ್ಟು ಬರಬೇಡಿ. ನಿಮ್ಮ ಲೆಕ್ಕದ ಫೈಲ್‌ಗಳು ಸಿಗುವುದಿದ್ದರೆ ಅದರಲ್ಲೇ ಸಿಗಬೇಕು.