ಮಗನಿಗೆ ಬರೀ ‘ರಹ್ಮಾನ್’ ಅಂತ ಹೆಸರಿಡಬಹುದಾ?

ಮಗನಿಗೆ ‘ರಹ್ಮಾನ್’ ಅಂತ ಇಡೋಣ ಅಂದರೆ ನಿಮ್ಮ ಮಾವ ಬೇಡ ಅಂದರು, ‘ಕರೀಮ್’ಗೆ ಮಾತ್ರ ಒಪ್ಪಿದರು, ಯಾಕೆ ಅಂತ ಕೇಳಿದ್ದೀರಿ. ಕಾರಣ ಬಹುಶಃ ಇದು: ಅಲ್ಲಾಹನ ಹೆಸರುಗಳಲ್ಲಿ ಕೆಲವು ಅವನಿಗೆ ಮಾತ್ರ ಮೀಸಲು. ರಹ್ಮಾನ್, ಖಾಲಿಕ್, ರಝ್ಝಾಕ್, ಕುದ್ದೂಸ್ ಆ ಸಾಲಿನವು. ಮನುಷ್ಯರಿಗೆ ಇಡುವಾಗ ಇವುಗಳ ಮೊದಲು ‘ಅಬ್ದ್’, ಅಂದರೆ ದಾಸ, ಸೇರಲೇಬೇಕು. ಕರೀಮ್, ರಹೀಮ್, ಅಲಿ, ರಶೀದ್ ಹಾಗಲ್ಲ, ಮನುಷ್ಯರಿಗೂ ಸಲ್ಲುತ್ತವೆ. ಕುರ್‌ಆನಿನ 9ನೇ ಅಧ್ಯಾಯದ 128ನೇ ವಚನ ಪ್ರವಾದಿಯವರನ್ನೇ ‘ರಹೀಮ್’ ಎನ್ನುತ್ತದೆ. ಇನ್ನು ಕೆಲವು ಹೆಸರುಗಳ ಬಗ್ಗೆ ವಿದ್ವಾಂಸರಲ್ಲೇ ಒಮ್ಮತ ಇಲ್ಲ. ಅಂಥದ್ದು ಬಂದರೆ ನಿಮ್ಮ ಮಸೀದಿಯ ಖತೀಬರನ್ನು, ಅಂದರೆ ಶುಕ್ರವಾರದ ಪ್ರವಚನ ಕೊಡುವವರನ್ನು, ಕೇಳಿಬಿಡಿ.

ನಿಮಗೆ ರಹ್ಮಾನೇ ಇಷ್ಟ ಅಲ್ವಾ? ಹಾಗಾದರೆ ‘ಅಬ್ದುರ್ರಹ್ಮಾನ್’ ಅಂತ ಇಡಿ. ಅಲ್ಲಾಹನಿಗೆ ಅತಿ ಪ್ರಿಯವಾದ ಹೆಸರುಗಳು ಅಬ್ದುಲ್ಲಾ ಮತ್ತು ಅಬ್ದುರ್ರಹ್ಮಾನ್ ಅಂತ ‘ಸಹೀಹ್ ಮುಸ್ಲಿಮ್’ ಎಂಬ ಸಂಗ್ರಹದ ಹದೀಸಿನಲ್ಲಿ, ಅಂದರೆ ಪ್ರವಾದಿಯವರ ಮಾತಿನಲ್ಲಿ, ಇದೆ. ಮಾವ ಬೇಡ ಅನ್ನಲಿಕ್ಕಿಲ್ಲ!

ಆಮೇಲೆ ಜನನ ಪ್ರಮಾಣಪತ್ರದಲ್ಲಿ ಗ್ಯಾಪ್ ಇಲ್ಲದೆ ಒಂದೇ ಪದವಾಗಿ ಬರೆಸಿ, ಇಂಗ್ಲಿಷ್ ಸ್ಪೆಲಿಂಗಿನಲ್ಲೂ ಹಾಗೇ. ಇದೇ ಮುಖ್ಯ. ನಮ್ಮ ಮನೆಯಲ್ಲಿ ಒಬ್ಬರ ಪಾಸ್‌ಪೋರ್ಟಿನಲ್ಲಿ ‘ಅಬ್ದುಲ್’ ಹೆಸರಾಗಿ, ‘ರಹ್ಮಾನ್’ ಸರ್‌ನೇಮ್ ಆಗಿ ಒಡೆದುಹೋಗಿತ್ತು. ಬರೀ ‘ಅಬ್ದುಲ್’ ಅಂದರೆ ಅರಬರ ಕಿವಿಗೆ ಅರ್ಧಕ್ಕೆ ನಿಂತ ಹೆಸರು. ಯಾರ ದಾಸ ಅಂತಲೇ ಗೊತ್ತಾಗಲ್ಲ.

ಮಗುವಿನ ಜನನ ನೋಂದಣಿ ಹೆಸರಿಲ್ಲದೆ ಆಗಿದ್ದರೆ ಗಾಬರಿ ಬೇಡ. 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ಆಧಾರ್, ಪಾಸ್‌ಪೋರ್ಟ್‌ಗಳಲ್ಲೂ ಅದೇ ಸ್ಪೆಲಿಂಗ್ ಇರಲಿ.